ಇಪ್ಪತ್ತೊಂದನೆಯ ಮಂಗಳವಾರ

ನಮ್ಮಮ್ಮ ಶೈಲಜಮ್ಮ ಅವತ್ತು ದೇವರ ಮುಂದೆ ಒಂದು ಪದ ಕಡಿಮೆ ಆಡಿದ್ದರೆ ನಮ್ಮ ಮನೆಗೆ ಹನ್ನೆರಡು ವರ್ಷ ಉಳಿಯುತ್ತಿತ್ತು. ಇಪ್ಪತ್ತೊಂದು ಸಂಕಷ್ಟಿ ಮಾಡುತ್ತೇನೆ ಎಂದಿದ್ದರೆ ಸಾಕಿತ್ತು. ಹುಣ್ಣಿಮೆಯಾಗಿ ನಾಲ್ಕನೆಯ ದಿನಕ್ಕೆ ಬರುವ ಚೌತಿ ಅದು, ತಿಂಗಳಿಗೊಂದು ತಪ್ಪದೆ ಬರುತ್ತದೆ. ಹಗಲೆಲ್ಲ ಉಪವಾಸವಿದ್ದು, ಸಂಜೆ ಗಣಪತಿಗೆ ಪೂಜೆ ಮಾಡಿ, ಚಂದ್ರ ಕಂಡ ಮೇಲೆ ಊಟ ಮಾಡಿದರೆ ಆಯಿತು. ಎರಡು ವರ್ಷದೊಳಗೆ ಇಪ್ಪತ್ತೊಂದೂ ಮುಗಿದಿರುತ್ತಿದ್ದವು. ಅಮ್ಮ ಹಾಗೆನ್ನಲಿಲ್ಲ. ಇಪ್ಪತ್ತೊಂದು ಅಂಗಾರಕ ಸಂಕಷ್ಟಿ ಎಂದಳು. ಅಂದರೆ ಆ ಚೌತಿ ಮಂಗಳವಾರವೇ ಬಂದಿರಬೇಕು. ಬುಧವಾರ ಬಂದರೆ ಲೆಕ್ಕಕ್ಕಿಲ್ಲ, ಸೋಮವಾರ ಬಂದರೂ ಲೆಕ್ಕಕ್ಕಿಲ್ಲ.

ಹರಕೆ ಹೊತ್ತದ್ದು ಅವಳ ಒಬ್ಬಳೇ ಮಗಳಾದ ನನಗಾಗಿ. ಹಾಗಾಗಿ ಈ ವಿಷಯದಲ್ಲಿ ಸಿಟ್ಟು ಮಾಡಿಕೊಳ್ಳುವ ಹಕ್ಕು ನಿನಗಿಲ್ಲ ಎಂದು ನೆಂಟರಿಷ್ಟರೆಲ್ಲ ಹೇಳುತ್ತಾರೆ. ನಾನು ಮಾಡಿಕೊಳ್ಳುತ್ತೇನೆ.

ತೊಂಬತ್ತೊಂದನೆಯ ಇಸವಿ, ನನಗೆ ಒಂಬತ್ತು ವರ್ಷ. ಜ್ವರ ಮೆದುಳಿಗೇರಿ ಆಸ್ಪತ್ರೆಯಲ್ಲಿ ಏಳು ದಿನ ಯಾರನ್ನೂ ಗುರುತಿಸದೆ ಮಲಗಿದ್ದೆನಂತೆ. ಏಳನೆಯ ದಿನ ಡಾಕ್ಟರು ಅಪ್ಪನನ್ನು ಮಾತ್ರ ಪಕ್ಕಕ್ಕೆ ಕರೆದು ಏನೋ ಹೇಳಿದರು. ಅಪ್ಪ ತಿರುಗಿ ಬಂದರು. ಅಮ್ಮ ಅವರ ಮುಖ ನೋಡಿದವಳೇ ಆಸ್ಪತ್ರೆಯಿಂದ ಎದ್ದು ಬಸವನಗುಡಿಯ ದೊಡ್ಡ ಗಣಪತಿ ದೇವಸ್ಥಾನದವರೆಗೆ ನಡೆದುಕೊಂಡೇ ಹೋದಳು. ಅಲ್ಲಿ ನೋಡಿದರೆ ಜನವೋ ಜನ, ಸಾಲು ರಸ್ತೆಗೆ ಬಂದಿದೆ. ಗರಿಕೆ ಮಾರುತ್ತಿದ್ದ ಲಕ್ಕಮ್ಮ ಎಂಬುವಳನ್ನು ಇವತ್ತೇನು ವಿಶೇಷ ಎಂದು ಅಮ್ಮ ಕೇಳಿದಳು.

“ಇವತ್ತು ಅಂಗಾರಕ ಸಂಕಷ್ಟಿ ಕಣವ್ವಾ. ಇವತ್ತು ಏನ್ ಕೇಳಿದ್ರೂ ಕೊಡ್ತಾನೆ, ಕೇಳ್ಕೋ,” ಎಂದಳಂತೆ ಲಕ್ಕಮ್ಮ.

ಅಮ್ಮ ಕೇಳಿಕೊಂಡಳು. ಅದು ಜುಲೈ ಮೂವತ್ತು, ಮಂಗಳವಾರ. ಬುಧವಾರ ಬೆಳಿಗ್ಗೆ ನಾನು ಕಣ್ಣು ಬಿಟ್ಟು ಚಕ್ಕುಲಿ ಬೇಕು ಎಂದೆ. ದೇವರು ತನ್ನ ಪಾಲಿನ ಕೆಲಸವನ್ನು ಒಂದೇ ದಿನದಲ್ಲಿ ಮುಗಿಸಿ ಕೈ ತೊಳೆದುಕೊಂಡ. ಅಮ್ಮನ ಪಾಲಿನದು ಶುರುವಾಯಿತು.

ಅಮ್ಮ ಆಗ ಚಾಮರಾಜಪೇಟೆಯ ನಮ್ಮ ವಠಾರದ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ರವಿಕೆ ಹೊಲಿಯುವುದು, ಸೀರೆಗೆ ಫಾಲ್ಸ್ ಹಾಕುವುದು. ಸುತ್ತ ನಾಲ್ಕು ರಸ್ತೆಯ ಹೆಂಗಸರಿಗೆಲ್ಲ ಅವಳು ‘ಫಾಲ್ಸ್ ಶೈಲಜಮ್ಮ.’ ಅಳತೆಯಲ್ಲಿ ಒಂದು ದಾರದಷ್ಟು ವ್ಯತ್ಯಾಸವಾದರೂ ಬಿಚ್ಚಿ ಮತ್ತೆ ಹೊಲಿಯುವವಳು. ಗಿರಾಕಿಯೇ ಪರವಾಗಿಲ್ಲ ಬಿಡಿ ಎಂದರೂ ಬಿಡುತ್ತಿರಲಿಲ್ಲ. ಈ ಸ್ವಭಾವವನ್ನು ನೀವು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಆ ವರ್ಷ ಆಗಸ್ಟಿನ ಸಂಕಷ್ಟಿ ಬುಧವಾರ ಬಂತು. ಒಂದು ದಿನದಲ್ಲಿ ತಪ್ಪಿತಲ್ಲ ಎಂದು ಅಮ್ಮ ಪೇಚಾಡಿಕೊಂಡಳು. ಸೆಪ್ಟೆಂಬರಿನದು ಶುಕ್ರವಾರ ಬಂತು. ಅಕ್ಟೋಬರಿನದು ಶನಿವಾರ. ಇದು ಮಂಗಳವಾರಕ್ಕೆ ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಅಮ್ಮನಿಗೆ ತಿಳಿಯಲಿಲ್ಲ. ನವೆಂಬರಿನದು ಸೋಮವಾರ ಬಂದಾಗ ಅವಳು ಅಪ್ಪನ ಮುಂದೆ ಕ್ಯಾಲೆಂಡರು ತಂದಿಟ್ಟು ಕೂತಳು. ನಮ್ಮಪ್ಪ ಬದರೀನಾರಾಯಣ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಯಾವ ಕಾಗದ ಎಷ್ಟು ದಿನಕ್ಕೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

“ನೋಡು ಶೈಲಾ,” ಎಂದರು ಅಪ್ಪ. “ಆಗಸ್ಟ್ ಹದಿನೈದು ಈ ವರ್ಷ ಗುರುವಾರ ಬಂತಲ್ಲ, ಸಾಧಾರಣವಾಗಿ ಬರೋ ವರ್ಷ ಶುಕ್ರವಾರ ಬರ್ಬೇಕು. ಆದ್ರೆ ಫೆಬ್ರವರಿಗೆ ಒಂದು ದಿನ ಜಾಸ್ತಿ ಇರೋದ್ರಿಂದ ಶನಿವಾರ ಬರತ್ತೆ. ವರ್ಷಕ್ಕೊಂದು ಮೆಟ್ಟಿಲು, ನಾಲ್ಕು ವರ್ಷಕ್ಕೊಂದ್ಸಲ ಎರಡು. ಮುಂದಿನ ಹತ್ತು ವರ್ಷದ್ದು ಈಗಲೇ ಬರೆದಿಡಬಹುದು. ನಿನ್ನ ಸಂಕಷ್ಟಿ ಹಂಗಲ್ಲ. ಒಂದರಿಂದ ಇನ್ನೊಂದಕ್ಕೆ ಒಂದ್ಸಲ ಇಪ್ಪತ್ತೊಂಬತ್ತು ದಿನ, ಇನ್ನೊಂದ್ಸಲ ಮೂವತ್ತು. ಇಪ್ಪತ್ತೊಂಬತ್ತಾದ್ರೆ ವಾರ ಒಂದು ಮುಂದೆ, ಮೂವತ್ತಾದ್ರೆ ಎರಡು ಮುಂದೆ.”

“ಅದೆಲ್ಲ ಬೇಡ. ಇಪ್ಪತ್ತೊಂದು ಮಂಗಳವಾರ ಯಾವಾಗ ಮುಗಿಯತ್ತೆ, ಅದು ಹೇಳಿ.”

ಅಪ್ಪ ಕ್ಯಾಲೆಂಡರಿನ ಅಂಚಿನಲ್ಲಿ ಸಣ್ಣಗೆ ಏನೋ ಭಾಗಿಸಿದರು. ಮತ್ತೆ ಒಂದು ಸಲ ಭಾಗಿಸಿದರು. “ಹನ್ನೆರಡು ವರ್ಷ ಆಗತ್ತೆ ಕಣೇ,” ಎಂದರು.

ಅಮ್ಮ ಆ ಭಾಗಾಕಾರವನ್ನು ಬಗ್ಗಿ ನೋಡಿದಳು. “ಎರಡು ವರ್ಷ ಅಂದ್ಕೊಂಡಿದ್ದೆ,” ಎಂದಳು.

“ಬರೀ ಸಂಕಷ್ಟಿ ಅಂದಿದ್ರೆ ಎರಡೇ ವರ್ಷ. ಜೋಯಿಸರನ್ನ ಒಂದು ಮಾತು ಕೇಳೋಣ, ಏನಾದ್ರೂ ದಾರಿ ಇರತ್ತೆ.”

“ಏನಂತ ಕೇಳ್ತೀರಾ? ಮಗು ಎದ್ದು ಓಡಾಡ್ತಿದೆ. ಅವನು ಕೊಟ್ಟಾಯ್ತು. ಈಗ ನಾನು ಚೌಕಾಸಿಗೆ ಹೋಗ್ಲಾ?”

ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಕೊನೆಗೂ ಮಂಗಳವಾರ ಬಂತು. ಒಂದಾಯಿತು, ಇನ್ನು ಇಪ್ಪತ್ತು.

ಬೇರೆ ಮನೆಗಳಲ್ಲಿ ಹೊಸ ಕ್ಯಾಲೆಂಡರು ಬಂದರೆ ಎಷ್ಟು ಹಬ್ಬ ಭಾನುವಾರದ ಬಾಯಿಗೆ ಬಿದ್ದಿದೆ, ಎಷ್ಟು ರಜ ಉಳಿದಿದೆ ಎಂದು ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಮೂವರೂ ಗೋಡೆಗೆ ಮುಖವಿಟ್ಟು ಮಂಗಳವಾರದ ಸಾಲನ್ನು ಮೇಲಿಂದ ಕೆಳಗೆ ಓದುತ್ತಿದ್ದೆವು. ಕೆಲವು ವರ್ಷ ಎರಡು ಸಿಕ್ಕುತ್ತಿತ್ತು. ಒಂದೇ ಸಿಕ್ಕಿದ ವರ್ಷ ಅಮ್ಮನ ಮುಖ ಯುಗಾದಿಯವರೆಗೆ ಗಂಟಿಕ್ಕಿಕೊಂಡೇ ಇರುತ್ತಿತ್ತು.

ಉಪವಾಸ ಅವಳಿಗೆ ಒಗ್ಗುತ್ತಿರಲಿಲ್ಲ. ಇದನ್ನು ಹೇಳಿದರೆ ಅವಳಿಗೆ ಕೋಪ ಬರುತ್ತದೆ, ಆದರೂ ನಿಜ. ಮಧ್ಯಾಹ್ನ ಮೂರಾದರೆ ತಲೆ ಸಿಡಿಯುತ್ತಿತ್ತು, ಕತ್ತರಿ ಹಿಡಿದ ಕೈ ನಡುಗುತ್ತಿತ್ತು. ಒಂದು ಅಂಗಾರಕದ ದಿನ ಮೇಲ್ಮನೆಯವರ ರೇಷ್ಮೆ ರವಿಕೆಯ ಕಂಕುಳಲ್ಲಿ ಕತ್ತರಿ ಒಂದಿಂಚು ಒಳಗೆ ಹೋಗಿ, ಅವರ ಮಗಳ ಮದುವೆ ಮುಗಿಯುವವರೆಗೂ ಮಾತು ಬಿಟ್ಟಿದ್ದರು. ನನ್ನನ್ನು ಕಂಡರಂತೂ ಅಮ್ಮ ಅಂಥ ದಿನ ಸುಮ್ಮಸುಮ್ಮನೆ ರೇಗುತ್ತಿದ್ದಳು. ನನ್ನ ಒಳಿತಿಗಾಗಿ ನಡೆಯುವ ವ್ರತದ ದಿನವೇ ನಾನು ಅತಿ ಹೆಚ್ಚು ಬೈಸಿಕೊಳ್ಳುತ್ತಿದ್ದೆ.

ಬೈಸಿಕೊಂಡು ಹೊರಗೆ ಹೋಗುವ ಹಾಗೂ ಇರಲಿಲ್ಲ. ಸಂಕಲ್ಪದಲ್ಲಿ ನನ್ನ ಹೆಸರು ಬರುತ್ತಿದ್ದುದರಿಂದ ಪೂಜೆಗೆ ನಾನು ಕೂರಲೇಬೇಕು. ಏಳನೆಯ ಕ್ಲಾಸಿನಲ್ಲಿ ಶಿವನಸಮುದ್ರಕ್ಕೆ ಪ್ರವಾಸ ಹೋದರು, ಅವತ್ತು ಮಂಗಳವಾರ, ಅಂಗಾರಕ. ಇಡೀ ಕ್ಲಾಸಿನಲ್ಲಿ ಉಳಿದವರು ಇಬ್ಬರು: ಕಾಲು ಮುರಿದುಕೊಂಡಿದ್ದ ಹುಡುಗಿ ಮತ್ತು ನಾನು. ಮಾರನೆಯ ದಿನ ಎಲ್ಲರೂ ಜಲಪಾತದ ಸುದ್ದಿ ಹೇಳುತ್ತಿದ್ದಾಗ ಅವಳಿಗಾದರೂ ತೋರಿಸಲು ಬ್ಯಾಂಡೇಜಿತ್ತು.

ಇಷ್ಟಾಗಿಯೂ ನಾಲ್ಕು ಮಂಗಳವಾರ ಕೈತಪ್ಪಿದವು. ಎರಡು ಸಲ ಅಮ್ಮ ಸರಿಯಾಗಿ ಅವತ್ತೇ ಹೊರಗಾಗಿ ಮೂಲೆಯಲ್ಲಿ ಕೂತಳು. ತಿಂಗಳ ಆ ಮೂರು ದಿನ ಪೂಜೆಯಿಲ್ಲ. ಎರಡನೆಯ ಸಲ ಅವಳು ಚಾಪೆಯ ಮೇಲೆ ಕೂತು ಅತ್ತದ್ದು ನನಗೆ ನೆನಪಿದೆ. ಇನ್ನೊಂದು ಸಲ ಅಪ್ಪನ ಚಿಕ್ಕಪ್ಪನೊಬ್ಬರು ತಿಪಟೂರಿನಲ್ಲಿ ತೀರಿಕೊಂಡು ಸೂತಕ ಬಂತು. ಅವರನ್ನು ನಾವು ಯಾರೂ ನೋಡಿಯೇ ಇರಲಿಲ್ಲ. “ಇಷ್ಟು ವರ್ಷ ಇದ್ರು, ಇನ್ನು ನಾಲ್ಕು ದಿನ ಇರಕ್ಕಾಗ್ಲಿಲ್ವಾ,” ಎಂದು ಅಮ್ಮ ಅಡುಗೆಮನೆಯಲ್ಲಿ ಗೊಣಗಿದ್ದನ್ನು ಕೇಳಿಸಿಕೊಂಡ ಅಪ್ಪ ಒಂದು ವಾರ ಮುಖ ಊದಿಸಿಕೊಂಡಿದ್ದರು.

ನಾಲ್ಕನೆಯದು ಎಲ್ಲಕ್ಕಿಂತ ಸಿಟ್ಟು ತರಿಸುವಂಥದ್ದು. ನಾನು ಪಿಯುಸಿಯಲ್ಲಿದ್ದಾಗ ಒಂದು ಪಂಚಾಂಗ ಸಂಕಷ್ಟಿ ಸೋಮವಾರ ಎಂದಿತು, ಇನ್ನೊಂದು ಮಂಗಳವಾರ ಎಂದಿತು. ಚೌತಿ ಯಾವ ಗಳಿಗೆಗೆ ಶುರುವಾಗುತ್ತದೆ ಎಂಬುದರಲ್ಲಿ ಎರಡಕ್ಕೂ ಜಗಳ. ಅಮ್ಮ ಎರಡು ದಿನವೂ ಉಪವಾಸ ಮಾಡಿದಳು. ಆಮೇಲೆ ಅದನ್ನು ಲೆಕ್ಕಕ್ಕೂ ತೆಗೆದುಕೊಳ್ಳಲಿಲ್ಲ.

“ಮಾಡಿದ್ದೀಯಲ್ಲಮ್ಮ, ಸೇರಿಸ್ಕೋ,” ಎಂದೆ.

“ಅನುಮಾನದ್ದನ್ನ ದೇವರಿಗೆ ಕೊಡೋದಾ?” ಎಂದಳು. ಬಿಚ್ಚಿ ಮತ್ತೆ ಹೊಲಿಯುವವಳು ಎಂದು ಮೊದಲೇ ಹೇಳಿದೆನಲ್ಲ.

ಹೀಗೆ ಹನ್ನೆರಡು ವರ್ಷದಲ್ಲಿ ಮುಗಿಯಬೇಕಿದ್ದದ್ದು ಎಳೆದುಕೊಂಡು ಹೋಯಿತು. ಎರಡು ಸಾವಿರದ ನಾಲ್ಕರ ನವೆಂಬರ್ ಕೊನೆಗೆ ಹತ್ತೊಂಬತ್ತು ಮುಗಿಯಿತು. ನನಗೆ ಇಪ್ಪತ್ತೆರಡು ತುಂಬಿತ್ತು. ಗಾಂಧಿಬಜಾರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಜನವರಿಯಲ್ಲಿ ಮಲ್ಲೇಶ್ವರದಿಂದ ಆಕರ್ಷನ ಮನೆಯವರು ನನ್ನನ್ನು ನೋಡಲು ಬಂದರು.

ಆಕರ್ಷ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ. ಇಬ್ಬರೂ ಮಾತಾಡಿಕೊಳ್ಳಲಿ ಎಂದು ದೊಡ್ಡವರು ನಮ್ಮನ್ನು ತಾರಸಿಗೆ ಕಳಿಸಿದಾಗ ಅವನು ಮೊದಲು ಕೇಳಿದ್ದು, “ದಿನಕ್ಕೆ ಎಷ್ಟು ಜನಕ್ಕೆ ಸೂಜಿ ಚುಚ್ತೀರಾ?” ಎಂದು. ನಲವತ್ತು ಐವತ್ತು ಎಂದೆ. “ಹಾಗಾದ್ರೆ ಮನೇಲಿ ಜಗಳ ಆದ್ರೆ ನಾನೇ ಸೋಲೋದು ವಾಸಿ,” ಎಂದ. ನಾನು ನಕ್ಕೆ. ಆಮೇಲೆ ಎರಡು ಮೂರು ಸಲ ಕೆಲಸ ಮುಗಿಸಿ ಬಂದಾಗ ಗಾಂಧಿಬಜಾರಿನಲ್ಲಿ ಕಾಫಿಗೆ ಸಿಕ್ಕಿದ. ನನಗೆ ಅವನು ಇಷ್ಟವಾದ. ಮನೆಯವರು ತೋರಿಸಿದರು, ನಾನು ತಲೆಯಾಡಿಸಿದೆ ಎನ್ನುವಂಥದ್ದಲ್ಲ. ಅವನು ಬರುವ ದಿನ ಲ್ಯಾಬಿನಲ್ಲಿ ಗಡಿಯಾರ ನೋಡುತ್ತಿದ್ದೆ.

ಅಮ್ಮ ಮೊದಲ ದಿನವೇ ಹುಡುಗನ ತಾಯಿಗೆ ಹೇಳಿದ್ದಳು. “ನಮ್ಮದೊಂದು ಹರಕೆ ಇದೆ. ಇನ್ನೆರಡು ಅಂಗಾರಕ ಮುಗಿದು ಉದ್ಯಾಪನೆ ಆಗ್ಬಿಡ್ಲಿ, ಆಮೇಲೆ ನೀವು ಹೇಳಿದ ದಿನ ಮದುವೆ.” ಉದ್ಯಾಪನೆ ಎಂದರೆ ವ್ರತ ಮುಗಿಸುವ ಪೂಜೆ. ಆಕೆಯೂ ದೈವಭಕ್ತೆ, ಎರಡೇ ತಾನೆ ಎಂದು ಒಪ್ಪಿದರು. ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಇಪ್ಪತ್ತನೆಯದು ಆಯಿತು. ಅವತ್ತು ಅಮ್ಮ ಒಂದು ಸಲವೂ ರೇಗಲಿಲ್ಲ.

ಯುಗಾದಿಗೆ ಹೊಸ ಪಂಚಾಂಗ ಬಂತು. ಊಟದ ಎಲೆ ತೆಗೆಯುವ ಮೊದಲೇ ನಾವು ಮೂವರೂ ಅದನ್ನು ಹಿಡಿದು ಕೂತೆವು. ಅಪ್ಪ ಓದುತ್ತಾ ಹೋದರು. ಏಪ್ರಿಲ್ ಬುಧವಾರ. ಮೇ ಶುಕ್ರವಾರ. ಜೂನ್ ಶನಿವಾರ. ಜುಲೈ ಭಾನುವಾರ. ಆಗಸ್ಟ್ ಸೋಮವಾರ.

“ಸೆಪ್ಟೆಂಬರ್ ಮಂಗಳವಾರ,” ಎಂದೆ ನಾನು. ನನಗೂ ಇಷ್ಟು ವರ್ಷದಲ್ಲಿ ಅಭ್ಯಾಸವಾಗಿತ್ತು.

ಅಪ್ಪ ಹಾಳೆ ತಿರುವಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಬುಧವಾರ,” ಎಂದರು. ಆ ತಿಂಗಳು ನಡುವೆ ಮೂವತ್ತು ದಿನ ಬಂದು, ಸೋಮವಾರದಿಂದ ನೇರ ಬುಧವಾರಕ್ಕೆ ಹಾರಿತ್ತು. ಅಲ್ಲಿಂದ ಮುಂದೆ ಅಕ್ಟೋಬರ್ ಗುರುವಾರ, ನವೆಂಬರ್ ಶನಿವಾರ, ಡಿಸೆಂಬರ್ ಭಾನುವಾರ. ಮಂಗಳವಾರ ಸಿಕ್ಕಿದ್ದು ಎರಡು ಸಾವಿರದ ಆರನೆಯ ಇಸವಿ ಜನವರಿ ಹದಿನೇಳಕ್ಕೆ. ಹತ್ತು ತಿಂಗಳ ಹತ್ತಿರ ಹತ್ತಿರ. ಹದಿನಾಲ್ಕು ವರ್ಷದಲ್ಲಿ ಇಷ್ಟು ಉದ್ದದ ಬಿಡುವು ಬಂದದ್ದು ನನಗೆ ನೆನಪಿಲ್ಲ, ಬಂದಿದ್ದರೂ ಆಗ ನನಗೇನೂ ಕೆಡುತ್ತಿರಲಿಲ್ಲ.

ಆಕರ್ಷನ ಮನೆಯಲ್ಲಿ ಅವನ ತಾತ ಹಾಸಿಗೆ ಹಿಡಿದಿದ್ದರು. ಎಂಬತ್ತೆಂಟು ವರ್ಷ. ಅವರು ಹೋಗಿಬಿಟ್ಟರೆ ಆ ಮನೆಯಲ್ಲಿ ಒಂದು ವರ್ಷ ಶುಭಕಾರ್ಯವಿಲ್ಲ. ಅಷ್ಟರೊಳಗೆ ಮೊಮ್ಮಗನ ಮದುವೆಯನ್ನು ಅವರ ಕಣ್ಣಿಗೆ ತೋರಿಸಬೇಕು. ಹುಡುಗನ ತಾಯಿ ಅಪ್ಪನ ಜೊತೆ ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಮಾತಾಡಿದರು. “ಶ್ರಾವಣದಲ್ಲಿ ಆದ್ರೆ ತುಂಬಾ ಒಳ್ಳೇದು. ಇಲ್ಲಾಂದ್ರೆ ದೀಪಾವಳಿ ಕಳೀತಿದ್ದ ಹಾಗೆ. ಜನವರಿ ತನಕ ಆಗಲ್ಲ, ದಯವಿಟ್ಟು ತಪ್ಪು ತಿಳ್ಕೋಬೇಡಿ.” ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಶ್ರೀಹರಿ ಜೋಯಿಸರನ್ನು ಮನೆಗೇ ಕರೆತಂದೆ. ನಮ್ಮ ಮನೆಯ ಪೂಜೆ ಮಾಡಿಸುವವರು, ಮೃದು ಮನುಷ್ಯ. ಕೂತು, ಮಜ್ಜಿಗೆ ಕುಡಿದು, ಎಲ್ಲ ಕೇಳಿ ಅಮ್ಮನಿಗೆ ಹೇಳಿದರು.

“ಶೈಲಜಮ್ಮ, ಅವತ್ತು ಎರಡು ಪಂಚಾಂಗದ ಗೊಂದಲ ಆಗಿತ್ತಲ್ಲ, ನೀವು ಎರಡು ದಿನವೂ ಉಪವಾಸ ಇದ್ರಿ. ಅದನ್ನ ಧಾರಾಳವಾಗಿ ಸೇರಿಸ್ಕೋಬಹುದು. ಇಪ್ಪತ್ತೊಂದು ಆಗೇ ಹೋಗಿದೆ. ನಾಳೆನೇ ಬೇಕಾದ್ರೂ ಉದ್ಯಾಪನೆ ಮಾಡಿಸ್ತೀನಿ.”

“ಅವತ್ತು ನೀವೇ ಅನುಮಾನ ಅಂದ್ರಲ್ಲ,” ಎಂದಳು ಅಮ್ಮ.

“ಅಂದಿರಬಹುದು. ಹೋಗ್ಲಿ, ಮದುವೆ ಮುಗಿಸಿಬಿಡಿ. ಜನವರೀಲಿ ಉಳಿದ ಒಂದು ಮಾಡಿದ್ರಾಯ್ತು. ದೇವರೇನು ಕೋರ್ಟಲ್ಲ.”

“ಮದುವೆ ಆದ್ಮೇಲೆ ಇವಳ ಗೋತ್ರ ಬದಲಾಗತ್ತಲ್ಲ. ಸಂಕಲ್ಪ ಮಾಡಿದ್ದು ನಮ್ಮ ಗೋತ್ರದ ಹುಡುಗಿಗೆ. ಆಮೇಲೆ ಯಾರ ಹೆಸರು ಹೇಳಿ ಮುಗಿಸ್ಲಿ?”

ಜೋಯಿಸರು ನನ್ನ ಕಡೆ ನೋಡಿ ಕೈಚೆಲ್ಲಿದರು. ಅದಕ್ಕೂ ಪ್ರಾಯಶ್ಚಿತ್ತವಿದೆ ಎಂದು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು. ಅಮ್ಮ ಅವರ ಲೋಟ ತೊಳೆಯಲು ಒಳಗೆ ಹೋಗಿದ್ದಳು.

ನಾನು ಅವಳ ಹಿಂದೆಯೇ ಹೋದೆ. ಅವತ್ತು ನಾನು ಆಡಿದ್ದನ್ನೆಲ್ಲ ಬರೆಯುವುದಿಲ್ಲ. ನಿನಗೆ ನನಗಿಂತ ನಿನ್ನ ಲೆಕ್ಕ ದೊಡ್ಡದು ಎಂದೆ. ಬಾಯಿಗೆ ಬಂದ ಒಂದು ಪದಕ್ಕೆ ನನ್ನ ಜೀವನ ಹಾಳು ಮಾಡುತ್ತಿದ್ದೀಯ ಎಂದೆ. ಅಮ್ಮ ಬೆನ್ನು ತಿರುಗಿಸಿಕೊಂಡೇ ಲೋಟ ಉಜ್ಜುತ್ತಿದ್ದಳು. ಅವಳು ತಿರುಗದಿದ್ದುದಕ್ಕೆ ನನಗೆ ಇನ್ನೂ ಉರಿಯಿತು.

“ಅವತ್ತು ನಾನು ಸತ್ತೇ ಹೋಗಿದ್ರೆ ಚೆನ್ನಾಗಿತ್ತು. ನಿನಗೂ ಉಪವಾಸ ತಪ್ತಿತ್ತು,” ಎಂದೆ.

ಅಮ್ಮ ತಿರುಗಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ.

“ಏಳು ದಿನ ನೀನು ನನ್ನ ಮುಖ ನೋಡಿ ಯಾರೋ ಅನ್ನೋ ಹಾಗೆ ಕಣ್ಣು ತಿರುಗಿಸ್ತಿದ್ದೆ,” ಎಂದಳು. “ನಿನಗೆ ನೆನಪಿಲ್ಲ. ನನಗಿದೆ. ಒಂದು ಬಾಕಿ ಇಟ್ಕೊಂಡು ನಿನ್ನ ಇನ್ನೊಂದು ಮನೆಗೆ ಕಳಿಸಿ, ನಾಳೆ ಅಲ್ಲಿ ನಿನಗೊಂದು ತಲೆನೋವು ಬಂದ್ರೂ ನಾನು ಏನಂತ ಬದುಕ್ಲಿ? ನನಗೆ ಭಯ ಆಗತ್ತೆ ಕಣೇ ಚೈತನ್ಯಾ.”

ಅದನ್ನು ಕೇಳಿ ನನ್ನ ಸಿಟ್ಟು ಕಡಿಮೆಯಾಯಿತು ಎಂದೇನಲ್ಲ. ಭಯವೇ ಕಾರಣ ಎಂದು ಗೊತ್ತಾದ ಮೇಲೆ ಜಗಳವಾಡಲೂ ಆಗದೆ ಒಳಗೇ ಕುದಿಯಿತು.

ಉಳಿದದ್ದು ಆಕರ್ಷ. ಅವನು ಕಾಯುತ್ತೇನೆ ಎಂದರೆ ಸಾಕು ಎಂದುಕೊಂಡಿದ್ದೆ. ಜೂನ್ ತಿಂಗಳ ಒಂದು ಸಂಜೆ ಗಾಂಧಿಬಜಾರಿನಲ್ಲಿ ಸಿಕ್ಕಿದ. ಕಾಫಿ ತಣ್ಣಗಾಗುವವರೆಗೂ ಅವನು ಕಪ್ಪನ್ನು ತಟ್ಟೆಯಲ್ಲಿ ತಿರುಗಿಸುತ್ತಲೇ ಇದ್ದ.

“ಅಮ್ಮ ಬೇರೆ ಕಡೆ ನೋಡ್ತಿದ್ದಾರೆ,” ಎಂದ.

“ನೀವು ಏನಂದ್ರಿ?”

“ತಾತನ್ನ ನೋಡಿದ್ರೆ ಏನೂ ಹೇಳಕ್ಕಾಗಲ್ಲ ಚೈತನ್ಯಾ. ನೀವಾದ್ರೂ ನಿಮ್ಮಮ್ಮಂಗೆ ಗಟ್ಟಿಯಾಗಿ ಹೇಳಬಹುದಿತ್ತು.”

“ನೀವೂ ನಿಮ್ಮಮ್ಮಂಗೆ ಹೇಳಬಹುದಿತ್ತು,” ಎಂದೆ. ಇಬ್ಬರೂ ಎದ್ದು ಬಂದೆವು. ಬಸ್ ಸ್ಟಾಪಿನವರೆಗೆ ಬರುತ್ತೇನೆ ಎಂದ, ಬೇಡ ಎಂದೆ. ಮನೆಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಅತ್ತೆ. ಹೂವಿನ ಅಂಗಡಿಯವರೆಲ್ಲ ನೋಡಿದರು, ನೋಡಲಿ ಎಂದು ಬಿಟ್ಟೆ.

ನವೆಂಬರಿನಲ್ಲಿ ಅವನಿಗೆ ಬೇರೆ ಹುಡುಗಿಯ ಜೊತೆ ಮದುವೆಯಾಯಿತು. ತಾತನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಂಟಪಕ್ಕೆ ಕರೆತಂದಿದ್ದರಂತೆ. ಹೋಗಿಬಂದವರು ಹೇಳಿದರು, ಎರಡು ಹೋಳಿಗೆ ಕೇಳಿ ಹಾಕಿಸಿಕೊಂಡು ತಿಂದರಂತೆ. ಆ ತಾತ ಜನವರಿಯಲ್ಲೂ ಇದ್ದರು. ಇದನ್ನು ಬರೆಯುವ ಹೊತ್ತಿಗೂ ಇದ್ದಾರೆ. ಅವರು ನೂರು ವರ್ಷ ಬಾಳಲಿ, ನನಗೇನು. ಆದರೆ ರಾತ್ರಿ ನಿದ್ದೆ ಬರದಿದ್ದಾಗ ಆ ಎರಡು ಹೋಳಿಗೆ ನೆನಪಾಗುತ್ತದೆ.

ಆ ಮದುವೆಯ ಸುದ್ದಿ ಬಂದ ದಿನ ಅಮ್ಮ ಮಿಷಿನ್ ಮುಂದೆ ಕೂತು ಯಾರದೋ ಸೀರೆಗೆ ಫಾಲ್ಸ್ ಹಾಕಿದಳು, ಅದನ್ನು ಬಿಚ್ಚಿದಳು, ಮತ್ತೆ ಹಾಕಿದಳು. ಅಪ್ಪ ಎರಡು ಸಲ ಊಟಕ್ಕೆ ಕರೆದರೂ ಏಳಲಿಲ್ಲ. ಸಮಾಧಾನ ಹೇಳೋಣ ಎಂದು ನನಗೂ ಅನ್ನಿಸಲಿಲ್ಲ.

ಜನವರಿ ಹದಿನೇಳು ಬಂತು. ಇಪ್ಪತ್ತೊಂದನೆಯ ಮಂಗಳವಾರ. ಹದಿನಾಲ್ಕು ವರ್ಷ ಕಾದ ದಿನ ಹೇಗೆ ಬಂದು ಹೇಗೆ ಹೋಯಿತೆಂದು ನನಗೆ ಗೊತ್ತೇ ಆಗಲಿಲ್ಲ, ಲ್ಯಾಬಿನಲ್ಲಿ ಅವತ್ತು ಕೆಲಸ ಜಾಸ್ತಿಯಿದ್ದು, ಸಂಜೆ ಪೂಜೆಯ ಹೊತ್ತಿಗೆ ಓಡಿಬಂದು ಕೂತೆ. ಮಾರನೆಯ ದಿನ ಬೆಳಿಗ್ಗೆ ಮನೆಯಲ್ಲಿ ಗಣಹೋಮ, ಉದ್ಯಾಪನೆ. ವಠಾರದವರೆಲ್ಲ ಬಂದಿದ್ದರು. ರವಿಕೆ ಹಾಳಾಗಿ ಮಾತು ಬಿಟ್ಟಿದ್ದ ಮೇಲ್ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಐವತ್ತು ದಾಟಿದ್ದ ಅವಳು ಬಹಳ ಬಳಲಿದ ಹಾಗೆ ಕಂಡಳು. ಹೊಗೆಗೋ ಏನೋ ಕಣ್ಣು ಕೆಂಪಾಗಿತ್ತು. ಅವಳನ್ನು ನೋಡಿ, ಪಾಪ, ಹೇಗೋ ಮುಗಿಸಿದಳಲ್ಲ ಎನ್ನಿಸಿತು. ಇನ್ನು ಯಾವ ಮಂಗಳವಾರವೂ ನಮ್ಮನ್ನು ಏನೂ ಮಾಡಲಾರದು. ಅಷ್ಟಕ್ಕಾದರೂ ನನಗೆ ನೆಮ್ಮದಿಯಾಯಿತು.

ಪೂರ್ಣಾಹುತಿಯಾದ ಮೇಲೆ ಜೋಯಿಸರು ಅಮ್ಮನ ಕೈಗೆ ಹೂವು ಅಕ್ಷತೆ ಕೊಟ್ಟರು. “ವ್ರತ ಪೂರ್ತಿ ಆಯ್ತು. ಮನಸ್ಸಲ್ಲಿ ಏನಿದೆಯೋ ಪ್ರಾರ್ಥನೆ ಮಾಡ್ಕೊಂಡು ಹಾಕಿ,” ಎಂದರು.

ಅಮ್ಮ ಕಣ್ಣು ಮುಚ್ಚಿದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ತುಟಿ ಅಲ್ಲಾಡುವುದು ಕಾಣಿಸಿತು. ನನ್ನ ಹೆಸರು ಕೇಳಿಸಿತು. “ಒಳ್ಳೇ ಕಡೆ ಸೇರಿದ್ರೆ” ಎಂದದ್ದು ಕೇಳಿಸಿತು. ಆಮೇಲೆ ಅವಳು ಉಸಿರು ಎಳೆದುಕೊಂಡಳು, ದೊಡ್ಡ ಮಾತು ಆಡುವ ಮುಂಚೆ ಎಳೆದುಕೊಳ್ಳುವ ಹಾಗೆ. ನಾನು ಕೈ ಚಾಚಿ ಅವಳ ಬಾಯಿ ಮುಚ್ಚಿಬಿಟ್ಟೆ.

“ಬೇಡ,” ಎಂದೆ. “ಏನೂ ಹೇಳ್ಬೇಡ. ಸುಮ್ನೆ ಹೂವು ಹಾಕು.”

ಎಲ್ಲರೂ ನೋಡುತ್ತಿದ್ದರು. ಇದೇನು ಹುಡುಗೀ ಎಂದು ಮೇಲ್ಮನೆಯವರು ಎದ್ದೇ ನಿಂತರು. ನನ್ನ ಅಂಗೈ ಕೆಳಗೆ ಅಮ್ಮನ ತುಟಿ ಸ್ವಲ್ಪ ಹೊತ್ತು ಅಲ್ಲಾಡಿ ಸುಮ್ಮನಾಯಿತು. ಅವಳು ಹೂವು ಹಾಕಿದಳು. ಆಮೇಲೆ ಊಟಕ್ಕೆ ಬಡಿಸುವಾಗ ಎರಡು ಸಲ ಕೇಳಿದೆ, ಏನಂದುಕೊಂಡೆ ಎಂದು. “ಏನೂ ಇಲ್ಲ, ಎಲ್ಲಾರೂ ಚೆನ್ನಾಗಿರ್ಲಿ ಅಂದೆ,” ಎಂದಳು.

ನಾನು ನಂಬಲಿಲ್ಲ. ನಂಬಬೇಕೆಂದು ಆಸೆಯಿತ್ತು. ಫೆಬ್ರವರಿಯ ಸಂಕಷ್ಟಿ ಗುರುವಾರ ಬಂತು, ಅಮ್ಮ ಬೆಳಿಗ್ಗೆ ನಮ್ಮ ಜೊತೆ ಕೂತು ಉಪ್ಪಿಟ್ಟು ತಿಂದಳು. ಮಾರ್ಚಿನದು ಶನಿವಾರ, ಅವತ್ತೂ ತಿಂದಳು. ಅದರಿಂದ ಏನೂ ಗೊತ್ತಾಗುವ ಹಾಗಿರಲಿಲ್ಲ. ನಾನು ಕ್ಯಾಲೆಂಡರಿನ ಮುಂದೆ ನಿಂತು ಮಂಗಳವಾರದ ಸಾಲನ್ನು ಮೇಲಿಂದ ಕೆಳಗೆ ಓದಿದೆ. ಮುಂದಿನ ಅಂಗಾರಕ ಮೇ ಹದಿನಾರಕ್ಕೆ.

ಆ ದಿನ ನಾನು ಬೇಗ ಎದ್ದು ಅವಳಿಗೆ ಇಷ್ಟ ಎಂದು ಅಕ್ಕಿರೊಟ್ಟಿ ತಟ್ಟಿದೆ. ಸಬ್ಬಸಿಗೆ ಸೊಪ್ಪು ಹಾಕಿ, ಕಾಯಿಚಟ್ನಿ ಮಾಡಿ, ತಟ್ಟೆಯಲ್ಲಿಟ್ಟು ಬೆಣ್ಣೆ ಹಾಕಿಕೊಂಡು ನಡುಮನೆಗೆ ತಂದೆ. ಅಮ್ಮ ಆಗಲೇ ಮಿಷಿನ್ ಮುಂದೆ ಕೂತಿದ್ದಳು.

“ಅಮ್ಮ, ರೊಟ್ಟಿ ಆರೋಗತ್ತೆ. ಬಾ.”

“ಯಾಕೋ ಹಸಿವಿಲ್ಲ ಕಣೇ. ನೀನು ತಿಂದು ಹೊರಡು, ಹೊತ್ತಾಯ್ತು.”

ನಾನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು, ದಾರ ಎರಡು ಸಲ ತಪ್ಪಿತು.

“ಎಷ್ಟು ಅಂತ ಹೇಳ್ಕೊಂಡೆ?” ಎಂದೆ.

ಅವಳು ತಲೆ ಎತ್ತಲಿಲ್ಲ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಮತ್ತೆ ಪೋಣಿಸಿದಳು.

“ಈ ಸಲ ಹನ್ನೊಂದೇ ಕಣೇ,” ಎಂದಳು. ನನಗೇನೋ ದೊಡ್ಡ ರಿಯಾಯಿತಿ ಕೊಡಿಸಿದ ಸಮಾಧಾನ ಅವಳ ದನಿಯಲ್ಲಿತ್ತು.